ಹದಿನೇಳು ರೂಪಾಯಿ ಎಪ್ಪತ್ತು ಪೈಸೆ

ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ತುಂಬು ಬಿಡಸಾಕಿ ನಾ,
ಕಿಲೋದ ಲೆಕ್ಕದಾಗ ನನ್ನ ಹೊಟ್ಟಿ.
ಬುಟ್ಟಿ ಭಾರ ಎರಡ ಸಲ ಕಳದ್ರ
ತಕ್ಕಡಿ ಬಿಟ್ಟು ಗುಮಾಸ್ತನ ಮುಂಗೈ ಹಿಡೀತೀನಿ.
ಹಂಗಿದ್ದಾಕಿಗೆ
ಮೂರು ವರ್ಷ ಗೊತ್ತಾಗಲಿಲ್ಲ ನೋಡ್ರಿ.

ಪಾಸ್‌ಬುಕ್ಕು ಮಶೀನಿನ್ಯಾಗಿಂದ ಕಿರ್ರ್ ಅಂತ ಹೊರಗ ಬಂತು.
ಓಣಿ ಹುಡುಗಿ ರೋಹಿಣಿ ಬೆರಳಿಟ್ಟು ಓದಿದ್ಲು:
ಎಸ್ಸೆಮ್ಮೆಸ್ ಚಾರ್ಜು ಹದಿನೇಳು ಎಪ್ಪತ್ತು.
ಕೆಳಗ ಮತ್ತ ಹದಿನೇಳು ಎಪ್ಪತ್ತು.
ಮತ್ತ.
ಮೂರು ತಿಂಗಳಿಗೊಮ್ಮೆ, ಹನ್ನೆರಡು ಸಲ,
ಸಂತೀ ದಿನಾ ಬರೋ ಬೀಗರಂಗ ತಪ್ಪದ.

ಯಾವ ಎಸ್ಸೆಮ್ಮೆಸ್ಸವ್ವಾ? ನನ್ನ ಫೋನಿಗೆ ಒಂದೂ ಬಂದಿಲ್ಲ.

ಖಾತೆಕ್ಕ ಹಚ್ಚಿದ್ದು ನಮ್ಮನಿಯವರ ನಂಬರು.
ಅವರು ಹೋದ ವರ್ಷನs ಅರ್ಜಿ ಕೊಟ್ಟಿದ್ದೆ, ಬದಲ ಮಾಡ್ರೆಪ್ಪಾ ಅಂತ,
ಖಾರಕ್ಕ ಸವೆದ ಹೆಬ್ಬಟ್ಟು ಎರಡೆರಡ ಸಲ ಒತ್ತಿ.
ಸಿಕ್ಕಾ ಹಾಕಿದ ಚೀಟಿ
ಅಕ್ಕಿ ಡಬ್ಬಿ ತಳದಾಗ ಐತಿ.

ಕೌಂಟರಿನ ಹುಡುಗ ಅಂದ,
"ನಾವು ಕಳಿಸೇವಿ ಅಜ್ಜಿ. ನಿಮಗ ಮುಟ್ಟಲಿಲ್ಲಂದ್ರ ನಾವೇನ ಮಾಡೂದು?"
ನನಗ ನಲವತ್ತೆಂಟು. ಅಜ್ಜಿ ಅಂತ.
ನನ್ನ ಸೀರಿ ಖಾರಕ್ಕ ಅವ ಸೀನಿದ,
ಗಾಜಿನ ಹಿಂದ ಮ್ಯಾನೇಜರು ಸೀನಿದ್ರು,
ಸಾಲಿನ್ಯಾಗ ನಿಂತ ಮಾಸ್ತರೂ ಸೀನಿದ್ರು.
ನಾ ಜಾಗಾ ಬಿಡಲಿಲ್ಲ,
ಊಟದ ಹೊತ್ತಾತು ಅಂತ ಅವರs ಎದ್ದು ಹೋದ್ರು.

ಆ ರಾತ್ರಿ ಬಾಗಲಾ ಹಾಕ್ಕೊಂಡು ಆ ನಂಬರು ಒತ್ತಿದೆ.
ಬಾಯಿಪಾಠ ಇತ್ತು, ಬೆರಳಿಗೆ.
ರಿಂಗ್ ಆತು.
ಸತ್ತವರ ನಂಬರು ರಿಂಗ್ ಆಗತೈತಿ ಅಂತ
ಯಾರೂ ಹೇಳಿರಲಿಲ್ಲ ನನಗ.
ಕಟ್ ಮಾಡಿದೆ. ನೀರು ಕುಡದು ಮತ್ತ ಒತ್ತಿದೆ.

"ಹಲೋ, ಬಂದೇನವಾಜ, ಗುತ್ತಲ, ಪಂಚರ್ ಅಂಗಡಿ."
ಬ್ಯಾಂಕಿನ ಮೆಸೇಜು ಏನರ… ಅನ್ನೂದ್ರಾಗ
"ನೀವs ಏನ್ರೀ ಅಕ್ಕಾರ!" ಅಂದ,
"ಶನಿವಾರಕ್ಕ ಶನಿವಾರ ನಿಮ್ಮ ಪಗಾರ ನನಗ ತಿಳೀತೈತಿ.
ಶ್ರಾವಣದಾಗ ಎರಡು ವಾರ ಯಾಕ ಬರಲಿಲ್ರಿ? ಆರಾಮ ಇದ್ದಿಲ್ಲೇನು?
ನಮ್ಮಾಕಿ ಕೇಳತಿದ್ಲು."

ಟೈಫಾಯ್ಡ್ ಆಗಿತ್ತು.
ನಮ್ಮಣ್ಣನೂ ಕೇಳಿದ್ದಿಲ್ಲ.

ಒಂದೂ ಅಳಿಸಿದ್ದಿಲ್ಲ ಅವ. ಮಂದೀ ರೊಕ್ಕದ ಸುದ್ದಿ,
ಅಳಸಾಕ ಕೈ ಬರಲಿಲ್ಲಂತ.
ಸೋಮವಾರ ಅಂಗಡಿ ಮುಚ್ಚಿ ಬಸ್ ಹತ್ತಿ ಬಂದ,
ಗ್ರೀಸು ಮೆತ್ತಿದ ಫೋನು ಕೌಂಟರಿನ ಮ್ಯಾಲ ಇಟ್ಟ.
ನಾ ಚೀಟಿ ಇಟ್ಟೆ. ಎರಡು ಅಕ್ಕಿಕಾಳು ಉದುರಿದ್ವು.
ಮ್ಯಾನೇಜರು ಕನ್ನಡಕ ಒರಸಿಕೊಂಡ್ರು, ಬಾಳ ಹೊತ್ತು.

ಇನ್ನೂರಾ ಹನ್ನೆರಡು ರೂಪಾಯಿ ನಲವತ್ತು ಪೈಸೆಕ್ಕ
ಎರಡು ದಿನದ ಕೂಲಿ ಕಳಕೊಂಡ್ಯಲ್ಲ ಫಕ್ಕೀರವ್ವಾ, ಅಂದ್ರು ಜೋಡಿಯವರು.
ಕಳಕೊಂಡೆ.
ನಾ ಕಳಕೊಂಡಿದ್ದು ಬ್ಯಾರೆ, ಅವರು ಕಳದಿದ್ದು ಬ್ಯಾರೆ.

ಎಂಟು ದಿನದ ಮ್ಯಾಲ, ಕಾಯಿ ರಾಶಿ ಮುಂದ ಕುಂತಾಗ
ಗುತ್ತಲದ ಫೋನು:
"ಬಂದ್ವು ಅಕ್ಕಾರ! ನಲವತ್ತು ಪೈಸೆ ಸುದ್ದಾ ಬಿಟ್ಟಿಲ್ಲ!"

ನಂಬರು ಮಾತ್ರ ಇನ್ನೂ ಬದಲಾಗಿಲ್ಲ.
ಅದಕ್ಕ ಬ್ಯಾರೆ ಅರ್ಜಿ ಬರಸಬೇಕಂತ.
ಬರಸತೀನಿ,
ಸೀಜನ್ ಮುಗೀಲಿ.