ಮೂವತ್ತು ದಿನ ಪುಕ್ಕಟೆ

ಅಕ್ಕ ಮೊದಲು ಮಾಡುವ ಕೆಲಸ ಇಸವಿ ಬದಲಾಯಿಸುವುದು.
ಕೋಟು ಕಳಚುವ ಮೊದಲೇ, ಕೈ ಬೆಚ್ಚಗಾಗುವ ಮೊದಲೇ
ಪರದೆಯ ಮೂಲೆಯ ಗಡಿಯಾರ ತೆರೆದು
ಎರಡು ಸಾವಿರದ ನಾಲ್ಕು, ಮೇ, ಆರು
ಎಂದು ಒತ್ತುತ್ತಾಳೆ.
ಆಗ ಮಾತ್ರ ತೆರೆದುಕೊಳ್ಳುತ್ತದೆ
ಮೂವತ್ತು ದಿನ ಪುಕ್ಕಟೆ ಎಂದು ಯಾರೋ ಕೊಟ್ಟ ತಂತ್ರಾಂಶ.
ಕೊಟ್ಟ ಕಂಪನಿ ಮುಳುಗಿ ಯಾವ ಕಾಲವಾಯಿತೋ.
ಇನ್ನು ಹತ್ತೊಂಬತ್ತು ದಿನ ಉಳಿದಿದೆ ಎನ್ನುತ್ತದೆ ಅದು,
ಇಪ್ಪತ್ತು ವರ್ಷದಿಂದ.

ಇಂಟರ್ನೆಟ್ಟಿನ ತಂತಿ ಕಿತ್ತು ಗೋಡೆಯ ಮೊಳೆಗೆ ಸುತ್ತಿದ್ದಾಳೆ.
ಹೊರಗಿನವರ ಮಾತು ಕಿವಿಗೆ ಬಿದ್ದರೆ
ಯಂತ್ರಕ್ಕೆ ನಿಜ ತಿಳಿದುಬಿಡುತ್ತದಂತೆ.
ಪುಂತಾ ಅರೇನಾಸಿನ ಗಾಳಿಗೆ ತಗಡಿನ ಸೂರು ತಾಳ ಹಾಕುತ್ತದೆ,
ಪೆಟ್ಟಿಗೆಯೊಳಗಿನ ಫ್ಯಾನು ಶ್ರುತಿ ಹಿಡಿಯುತ್ತದೆ.

ನಾವು ಚಿಕ್ಕವರಿದ್ದಾಗ ಟೀವಿಯಲ್ಲಿ ಒಂದು ನರಿ ಬರುತ್ತಿತ್ತು,
ಒಂದೇ ಕಿವಿಯದ್ದು, ದೀಪಸ್ತಂಭ ಕಾಯುವ ನರಿ.
ಹದಿನೇಳನೆಯ ಕಂತಿನಲ್ಲಿ ಅದು ದೋಣಿ ಹತ್ತಿತು.
ಹದಿನೆಂಟನೆಯದು ಬರಲೇ ಇಲ್ಲ.
ಆ ಶನಿವಾರ ಅದೇ ಹೊತ್ತಿಗೆ ಯಾರೋ ಹೆಂಗಸು
ಈರುಳ್ಳಿ ಹೆಚ್ಚುತ್ತಿದ್ದಳು.
ನಾನು ಅತ್ತೆ. ಈರುಳ್ಳಿಯ ಘಾಟಿಗೆ ಎಂದು ಅಪ್ಪ ನಕ್ಕ.
ಅಕ್ಕನಿಗೆ ಹದಿನಾರು.
ತಾಳು ದಾಂಕೋ, ನಾನು ದಡ ಸೇರಿಸುತ್ತೇನೆ ಎಂದಳು.

ಒಂದು ಸೆಕೆಂಡಿಗೆ ಹನ್ನೆರಡು ನರಿ.
ಹನ್ನೆರಡರಲ್ಲೂ ಬಾಲ ಕೂದಲೆಳೆಯಷ್ಟು ಸರಿಯಬೇಕು.
ಗೆರೆಗೆ ಗೆರೆ ಕೂಡದೆ ಸಾಸಿವೆಯಷ್ಟು ಸಂದಿ ಬಿಟ್ಟರೆ
ನರಿಯ ಬಣ್ಣ ಸೋರಿ ಕಡಲೆಲ್ಲ ಕಿತ್ತಳೆ.
ತಪ್ಪಿದರೆ ಒಂದು ಹೆಜ್ಜೆ ಹಿಂದೆ ಹೋಗಬಹುದು, ಎರಡು ಕೂಡದು.
ನಡುವಿನದನ್ನು ನಾನೇ ತುಂಬುತ್ತೇನೆ ಎನ್ನುತ್ತದೆ ಯಂತ್ರ;
ತುಂಬಲು ಬಿಟ್ಟರೆ ಮುಂಗಾಲು ಹೊಟ್ಟೆ ಹೊಕ್ಕು
ಬೆನ್ನಲ್ಲಿ ಹೊರಡುತ್ತದೆ.
ಹಗಲೆಲ್ಲ ಏಡಿ ಕಾರ್ಖಾನೆಯಲ್ಲಿ ತೂಕ ಬರೆದ ಕೈ
ಆ ಕಾಲನ್ನು ಮೆಲ್ಲಗೆ ಹೊರಗೆಳೆದು
ಮತ್ತೆ ನೆಲಕ್ಕಿಡುತ್ತದೆ.

ಹೊಸದು ಕೊಡಿಸಲಾ ಎಂದೆ ಒಮ್ಮೆ,
ಕ್ರೇನಿನ ಸಂಬಳ ಬಂದ ವಾರ.
ಈಗಿನವು ಬಾಯಲ್ಲಿ ಹೇಳಿದರೆ ಸಾಕು, ತಾವೇ ಬರೆಯುತ್ತವಂತೆ.
ಅವಳ ಹಲ್ಲುಜ್ಜುವ ಬ್ರಷ್ಷು ನಾನು ಬಳಸಿದ ದಿನ
ನೋಡಿದ ಹಾಗೆ ನೋಡಿದಳು.
ಹಳೆಯ ಕಡತ ಅವಕ್ಕೆ ಓದಲು ಬರುವುದಿಲ್ಲ ಎಂದಳು, ಅಷ್ಟೆ.

ನರಿಗೆ ದನಿ ನನ್ನದು.
ಹನ್ನೊಂದು ವರ್ಷದ ನನ್ನದು,
ಗಾಳಿಯ ಸದ್ದು ಸೇರದಿರಲಿ ಎಂದು ಕಂಬಳಿ ಹೊದ್ದು ಹೇಳಿದ್ದು.
ಕೊನೆಯ ಮಾತೊಂದು ಉಳಿದುಹೋಗಿತ್ತು.
ಅಮ್ಮ ಊಟಕ್ಕೆ ಕರೆದಿರಬೇಕು.

ಹೋದ ತಿಂಗಳು ಫೋನು: ಬಾ, ಆ ಮಾತು ಬೇಕು.
ಬಿರುಗಾಳಿಗೆಂದು ಬೀದಿಯಲ್ಲಿ ಕಟ್ಟಿದ ಹಗ್ಗ ಹಿಡಿದು ಹೋದೆ.
ಅದೇ ಕಂಬಳಿ. ಒಳಗೆ ತೂರಿದರೆ ಮಂಡಿ ಹೊರಗೆ.
'ದಡದಲ್ಲಿ ಯಾರಾದರೂ ಇದ್ದೀರಾ?'
ಬಂದರಿನ ಹತ್ತು ವರ್ಷದ ಹೊಗೆ, ಕೂಗು ಕುಡಿದ ದನಿ.
ಇದು ನರಿಯಲ್ಲ ಕಣೇ, ನರಿಯ ಸೋದರಮಾವ ಎಂದೆ.
ಯಾಸ್ನಾ ನಗಲಿಲ್ಲ.
ಮೊದಲಿಂದ ಓಡಿಸಿದಳು.

ಮೊದಲ ನಿಮಿಷದಲ್ಲಿ ನರಿಗೆ ಸೌಟಿನಂಥ ಕಾಲು,
ಹದಿನಾರರ ಕೈ.
ಎರಡಕ್ಕೆ ನೆರಳು ಕಲಿತಿದ್ದಾಳೆ. ಮೂರಕ್ಕೆ ನೀರು,
ಅಬ್ಬ, ಆ ನೀರು, ನಮ್ಮ ಜಲಸಂಧಿಯದೇ, ಸೀಸದ ಬಣ್ಣದ್ದು.
ನಾಲ್ಕರಲ್ಲಿ ಮೂತಿಯ ಸುತ್ತ ಒಂದೊಂದೇ ಬಿಳಿಗೂದಲು.
ಯಾವ ರಾತ್ರಿ ಇಟ್ಟಳೋ, ಕೇಳಲಿಲ್ಲ.
ಕಡಲು ದಾಟುವಷ್ಟರಲ್ಲಿ ಅದಕ್ಕೂ ವಯಸ್ಸಾಗಿದೆ.
ಬಾಯಿ ತೆರೆಯಿತು.
ನನ್ನ ಒಡಕು ದನಿ ಅದರಲ್ಲಿ ಸರಿಯಾಗಿ ಕೂತಿತು.

ಉಳಿಸಲೇ? ಎಂದಿತು ಯಂತ್ರ.
ಮರಳುಗಡಿಯಾರ ಎಷ್ಟೋ ಸಲ ಮಗುಚಿತು. ಟೀ ಆರಿತು.
ಕಡತದ ಪಕ್ಕ ದಿನಾಂಕ ತಾನಾಗಿ ಮೂಡಿತು:
ಮೇ ಆರು, ಎರಡು ಸಾವಿರದ ನಾಲ್ಕು.
ಗುರುವಾರ.
ಈರುಳ್ಳಿಯ ಶನಿವಾರಕ್ಕೆ
ಇನ್ನೂ ಎರಡು ದಿನವಿತ್ತು.