ಸೊನ್ನೆ ಬ್ಲಾಕ್ ಐಸು

ಮಾಲಿಮ್ ಜೆಟ್ಟಿಯ ಐಸ್ ಫ್ಯಾಕ್ಟರಿಗೆ ನಾನೇ ಬರೆದುಕೊಟ್ಟ ಆ್ಯಪು.
ದೋಣಿಯ ಹೆಸರು, ಎಷ್ಟು ಬ್ಲಾಕು, ಕೆಳಗೊಂದು ಷರಾ.
ಅಷ್ಟೇ. ಬೀಗವನ್ನೂ ಹಾಕಿರಲಿಲ್ಲ,
ಐಸು ಕದಿಯಲು ಯಾರು ಬರುತ್ತಾರೆ ಎಂದು.

ಎವರಿಸ್ಟೋ ಬಾಬ್ ಫೋನು ಮಾಡಿದ್ದು ಮಂಗಳವಾರ:
"ರಾತ್ರಿ ಮೂರಕ್ಕೆ ಯಾರೋ ಸೊನ್ನೆ ಬ್ಲಾಕು ಕೇಳ್ತಾರೆ ಬಾಯ್,
ತಿಂಗಳಲ್ಲಿ ನಲವತ್ತೊಂದು ಸಲ.
ಸೊನ್ನೆ ಐಸನ್ನು ನಾನು ಯಾವ ಗಾಡಿಯಲ್ಲಿ ಕಳಿಸಲಿ?"

ಮಧ್ಯಾಹ್ನ ಕರ್ಲ್ ಹೊಡೆದು ನಾನೇ ಸೊನ್ನೆ ಕಳಿಸಿ ನೋಡಿದೆ.
ಇನ್ನೂರು, ಓಕೆ, ಅಂದಿತು ನನ್ನ ಕೂಸು,
ಸೊನ್ನೆಗೂ ಒಂದು ರಸೀತಿ ಹರಿದು ಕೊಟ್ಟಿತು.
ಒಂದೇ ಸಾಲಿನ ರಿಪೇರಿ: ಒಂದಕ್ಕಿಂತ ಕಡಿಮೆಯಾದರೆ ತಳ್ಳು.
ಬರೆದಿಟ್ಟೆ. ಹಚ್ಚಲಿಲ್ಲ.
ಡೇಟಾಬೇಸು ತೆರೆದರೂ ಗೊತ್ತಾಗುತ್ತಿತ್ತು; ನನಗೆ ಮಾತ್ರ
ನೀರು ಹರಿಯುವಾಗಲೇ ಕೈಯಿಟ್ಟು ನೋಡುವ ಚಟ.

ರಾತ್ರಿ ಕಪ್ಪು ಪರದೆ, ಟಿಸಿಪಿಡಂಪು, ಎಂಬತ್ತನೆಯ ಪೋರ್ಟು.
ಹೊಳೆಯಾಚೆ ಪಣಜಿ. ಕ್ಯಾಸಿನೋ ಹಡಗಿನ ನೇರಳೆ ಬೆಳಕು
ನನ್ನ ಸ್ಟೀಲು ಲೋಟದ ಮೇಲೂ ಬಿದ್ದಿತ್ತು.
ಸಾಲುಗಳು ಓಡಿದವು. ಗ್ರೆಪ್ಪಿಗೆ ಹೇಳಿದೆ, ಸೊನ್ನೆಯನ್ನಷ್ಟೇ ಹಿಡಿ,
ಅಕ್ಕಿ ಆರಿಸುವವಳಿಗೆ ಕಲ್ಲು ಮಾತ್ರ ಕಂಡ ಹಾಗೆ.

ಮೂರು ಹತ್ತಕ್ಕೆ ಬಂತು,
ಅಗ್ವಾದದ ದೀಪ ದಾಟಿ ಟವರು ಸಿಕ್ಕ ಯಾವುದೋ ಟ್ರಾಲರಿನಿಂದ.
ಬ್ಲಾಕು: ಸೊನ್ನೆ. ಷರಾ:

%E0%B2%9C%E0%B3%8D%E0%B2%B5%E0%B2%B0

ಇಲ್ಲಿ ಬರುವುದೆಲ್ಲ ಇ-ಸೊನ್ನೆ ಎ-ನಾಲ್ಕು, ದೇವನಾಗರಿ,
ಇಲ್ಲವೇ ರೋಮನ್ ಲಿಪಿಯ ಕೊಂಕಣಿ.
ಇ-ಸೊನ್ನೆ ಬಿ-ಎರಡು ಅಂದರೆ
ಪರವೂರ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ "ಹ್ವಾಯ್" ಅಂದ ಹಾಗೆ.
ಅಕ್ಷರ ಕಾಣುವ ಮೊದಲೇ ಬೆನ್ನಿಗೆ ಗೊತ್ತಾಯಿತು.
ಒಂದು ಸಾಲು ಪೈಥಾನ್ ಬಿಚ್ಚಿ ಹೇಳಿತು: ಜ್ವರ.
ಅದರ ಬಾಲದಲ್ಲಿ: ಬಿಟ್ಟಿತಾ?

ಎರಡು ನಿಮಿಷಕ್ಕೆ ಫ್ಯಾಕ್ಟರಿಯ ಕಿಟಕಿಯಿಂದ ಉತ್ತರ:
ಆರ್ಡರು ತಿರಸ್ಕೃತ. ಕಾರಣ: ಬಿಟ್ಟಿತು. ಗಂಜಿ ಉಂಡೆ.
ಮತ್ತೆ ಸೊನ್ನೆ ಬ್ಲಾಕು. ಷರಾ: ಉಪ್ಪಿನಕಾಯಿ ಮುಟ್ಟಬೇಡ.
ತಿರಸ್ಕೃತ. ಕಾರಣ: ಮುಟ್ಟಿ ಆಯಿತು.

ನಕ್ಕೆ. ನಕ್ಕದ್ದು ನನ್ನದೇ ಕಿವಿಗೆ ಬಿದ್ದು ನಾಚಿದೆ.
ಗಂಡ ಹೆಂಡತಿಯೋ, ಅಣ್ಣ ತಂಗಿಯೋ, ಇಬ್ಬರು ಗಂಡಸರೋ,
ತಂಡೇಲನ ಫೋನಿನಲ್ಲಿ ಐಸಿನ ಪುಟವೊಂದಕ್ಕೇ ಅಪ್ಪಣೆಯೋ,
ಪೊಟ್ಟಣದ ಮೇಲೆ ಬರೆದಿರುವುದಿಲ್ಲ.
ವಿಳಾಸ ಇರುತ್ತದೆ, ಮನೆ ಇರುವುದಿಲ್ಲ.
ಹಳೆಯ ನಲವತ್ತೊಂದೂ ಡೇಟಾಬೇಸಿನಲ್ಲಿ ಇದ್ದವು,
ಒಂದು ಸೆಲೆಕ್ಟ್ ಸಾಕಿತ್ತು. ಎಂಟರಿನ ಮೇಲೆ
ಬೆರಳು ಎಷ್ಟು ಹೊತ್ತು ನಿಂತಿತೋ.

ಬೆಳಗಾಗುವುದರೊಳಗೆ ಸರ್ಟಿಫಿಕೇಟು ತರಿಸಿ ಬೀಗ ಹಾಕಿದೆ,
ಎಂಬತ್ತನ್ನು ನಾನೂರ ನಲವತ್ತಮೂರಕ್ಕೆ ತಿರುಗಿಸಿದೆ.
ಬರೆದಿಟ್ಟ ಆ ಒಂದು ಸಾಲನ್ನು ಅಳಿಸಿದೆ.
ಸೊನ್ನೆಗೆ ರಸೀತಿ ಮಾತ್ರ ಅಚ್ಚಾಗದ ಹಾಗೆ ಮಾಡಿದೆ.
"ಕಳ್ಳ ಸಿಕ್ಕನೇ?" ಕೇಳಿದ ಎವರಿಸ್ಟೋ ಬಾಬ್.
"ಸೊನ್ನೆ ಕೂಡಿದರೆ ಲೆಕ್ಕ ಕೆಡುತ್ತದೆಯೇ ಬಾಬ್?"
ಬೆರಳಲ್ಲಿ ಎಣಿಸುವಷ್ಟು ಹೊತ್ತು ಸುಮ್ಮನಿದ್ದ.
ಬಿಲ್ಲು ಕಳಿಸು ಅಂದ.

ಮರುರಾತ್ರಿ ಮತ್ತೆ ಕೂತೆ, ಬೀಗ ಹಿಡಿಯಿತೋ ಇಲ್ಲವೋ ನೋಡಲು,
ಅಂತ ನನಗೆ ನಾನೇ ಹೇಳಿಕೊಂಡು.
ಮೂರು ಹನ್ನೆರಡು. ಉದ್ದ ಐನೂರ ಹದಿನೇಳು ಬೈಟು.
ಉಳಿದದ್ದು ಚುಕ್ಕಿ, ಚುಕ್ಕಿ, ಒಂದು ಕಂಸ, ಚುಕ್ಕಿ.
ಉಪ್ಪಿನಕಾಯಿಯ ವಿಷಯ ಏನಾಯಿತೋ.

ಕಂಟ್ರೋಲ್ ಸಿ ಒತ್ತಿದೆ. ಪರದೆ ತನ್ನ ಲೆಕ್ಕ ಒಪ್ಪಿಸಿತು:
ಹಿಡಿದದ್ದು ಅರವತ್ತೆರಡು,
ಕರ್ನಲ್ ಕೈಬಿಟ್ಟದ್ದು
ಸೊನ್ನೆ.