ಎದುರು ಕಾಲಂ

ಸಮಿತಿ ಬಂತು ದಾವಣಗೆರೆಯ ಭಟ್ಟಿ ಓಣಿಗೆ, ಮಟಮಟ ಮಧ್ಯಾಹ್ನ,
ಮೂಗಿಗೆ ಕರ್ಚೀಫು.
ಚಿಮಣಿ ಕಡ್ಡಾಯ ಮಾಡಿದರೆ ಸೇರಿಗೆ ಎಂಟಾಣೆ ಏರುತ್ತದೆ,
ಅರ್ಧ ಭಟ್ಟಿ ಮುಚ್ಚಿದರೆ ಅದೂ ನಷ್ಟವೇ,
ಶಾಸಕರು ಅಂದದ್ದು ಸುಳ್ಳಲ್ಲ.
ನಾನು ಗುಮಾಸ್ತ, ಬರೆದುಕೊಂಡೆ.
ಎದುರು ಕಾಲಂ: ಉಳಿಯುವ ಉಸಿರು.
ಅದಕ್ಕೆ ದರ ಕೇಳಿದರು.

ಖೈರೂನ್‌ಬಿ ಕಾದ ಉಸುಕು ಸೋಸುತ್ತಲೇ
ಕೆಮ್ಮಿದಳು, ನಕ್ಕಳು:
"ಮಂಡಕ್ಕಿನ ಯಾರು ತೂಗ್ತಾರೆ ಸಾಹೇಬ್ರೇ?
ತಕ್ಕಡಿ ಅಲ್ಲಾಡಲ್ಲ. ಸೇರಿನಾಗ ಅಳೀತೀವಿ,
ಮ್ಯಾಲೆ ಗೋಪುರ ಬರೋ ಹಂಗ."

ಸಂಜೆ ಪ್ರವಾಸಿ ಮಂದಿರದಲ್ಲಿ
ಖಾರ ಮಂಡಕ್ಕಿ, ಮಿರ್ಚಿ, ಚಹಾ.
ಕರಡು ಪ್ರತಿಯ ಮೇಲೆ ಎಣ್ಣೆ ಕಲೆ.
ಆ ಕಾಲಂ ಇನ್ನೂ ಖಾಲಿ.
ಗೀಟು ಎಳೆದುಬಿಡೋಣವೇ, ಅಂದರು.
ಬೇಡ ಸರ್, ಅಂದೆ.
ಯಾಕೆ ಅಂತ
ಹೇಳಹೋದೆ, ಕೆಮ್ಮು ಬಂತು.